ಹದಿಮೂರು ಗಂಟೆಯ ಕಲ್ಲು

ಮೊನ್ನೆ ಬಚ್ಚಲ ಮುಂದಿನ ಮೆಟ್ಟಿಲುಗಲ್ಲಿಗೆ ಪಾಚಿ ಕಟ್ಟಿತ್ತು. ಯಾರಾದರೂ ಜಾರಿ ಸೊಂಟ ಮುರಿದುಕೊಂಡಾರೆಂದು ನನ್ನ ಹಳೆಯ ಚಾಣ ಹುಡುಕಿ ತೆಗೆದು ಕೆರೆಯುತ್ತ ಕೂತೆ. ನಾಲ್ಕು ಸಲ ಕೆರೆಯುವಷ್ಟರಲ್ಲಿ ಒಂದು ವಾಸನೆ ಎದ್ದಿತು ನೋಡಿರಿ, ಹಸಿ ಕಲ್ಲಿನದು, ತಣ್ಣಗಿನದು. ಕೈ ನಿಂತುಬಿಟ್ಟಿತು. ಜೇವರ್ಗಿಯ ನಮ್ಮ ಮನೆಯ ಬಚ್ಚಲ ಮುಂದೆ ಕುಕ್ಕರುಗಾಲಲ್ಲಿ ಕೂತವನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಟಲಿ ದೇಶದ ಒಂದು ಹೊಳೆಯೊಳಗೆ ಸೊಂಟದುದ್ದ ನೀರಿನಲ್ಲಿ ನಿಂತಿದ್ದೆ.

“ಏನ್ರಿ, ಕಾಲು ಹಿಡಕೊಂಡಾವೇನು?” ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಹಿಡಿದುಕೊಂಡಿದ್ದವು, ಅದೂ ನಿಜ.

ಇಟಲಿ ಎಂದೊಡನೆ ನನ್ನನ್ನು ಭಾರಿ ತಿರುಗಾಟದ ಮನುಷ್ಯ ಎಂದುಕೊಳ್ಳಬೇಡಿರಿ. ನಾನು ಗೌಂಡಿ. ಕಲ್ಲು ಕಟ್ಟುವುದು ನಮ್ಮಪ್ಪನ ಕೆಲಸ, ಅವರಪ್ಪನ ಕೆಲಸ. ನಿಜಾಮರ ಕಾಲದ ಉರ್ದು ಶಾಲೆಗೆ ಮೂರು ವರ್ಷ ಹೋದೆ, ಅಕ್ಷರವೂ ಅಂಕಿಯೂ ತಲೆಗೆ ಹತ್ತಲಿಲ್ಲ. ಒಂದು ದಿನ ಮಾಸ್ತರರು ಎಲ್ಲರ ಮುಂದೆ “ನಿನ್ನ ತಲಿಯೊಳಗೂ ಕಲ್ಲೇ ಅದ” ಎಂದರು. ಕಲ್ಲಿನ ಬೆಲೆ ಗೊತ್ತಿದ್ದ ಮನೆಯ ಹುಡುಗ ನಾನು, ಅದನ್ನು ಬೈಗುಳವೆಂದು ತಿಳಿಯಬೇಕಾಗಿರಲಿಲ್ಲ. ಆದರೂ ಸಿಟ್ಟಾಗಿ ಪಾಟಿಯನ್ನು ಕಟ್ಟೆಯ ಮೇಲಿಟ್ಟು ಎದ್ದುಬಂದೆ. ಮರುದಿನದಿಂದ ಅಪ್ಪನ ಹಿಂದೆ ಸುತ್ತಿಗೆ ಹೊತ್ತೆ. ಇಪ್ಪತ್ತು ತುಂಬುವುದರೊಳಗೆ ಅಫಜಲಪುರದ ಕಡೆ ನಾನು ಕಟ್ಟಿದ ಬಾವಿಗಳನ್ನು ನೋಡಲು ಜನ ಬರುತ್ತಿದ್ದರು. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ, ಕ್ಷಮಿಸಬೇಕು.

ಎರಡನೆಯ ದೊಡ್ಡ ಯುದ್ಧ ಹತ್ತಿದಾಗ ಸೋಲಾಪುರದಲ್ಲಿ ಪಲ್ಟಣಕ್ಕೆ ಸೇರಿದೆ. ರಸ್ತೆ ಮಾಡುವ, ಸೇತುವೆ ಹಾಕುವ ಪಲ್ಟಣ. ಹಡಗು ಹತ್ತುವ ಮುಂಚೆ ಮುಂಬಯಿಯಲ್ಲಿ ಮಾಡಿದ ಮೊದಲ ಕೆಲಸವೆಂದರೆ ಒಂದು ಕೈಗಡಿಯಾರ ಕೊಂಡದ್ದು. ಬೆಳ್ಳಿಯಂಥ ಹೊಳಪು, ಬಿಳಿ ಮುಖ, ಮುಖದ ಸುತ್ತ ಕರಿ ಗೀರುಗಳು. ಅದನ್ನು ಓದಲು ನನಗೆ ಬರುತ್ತಿರಲಿಲ್ಲ. ಹೊತ್ತು ತಿಳಿಯಲು ನನಗೆ ಸೂರ್ಯನಿದ್ದ. ಯಾರಾದರೂ “ಎಷ್ಟು ಗಂಟಿ ಆತು?” ಎಂದು ಕೇಳಿದರೆ ಮೊದಲು ನೆತ್ತಿಯ ಕಡೆ ಒಂದು ನೋಟ, ಆಮೇಲೆ ಗಂಭೀರವಾಗಿ ಮುಂಗೈ ಕಡೆ ಒಂದು ನೋಟ, ಆಮೇಲೆ “ಹನ್ನೊಂದರ ಮ್ಯಾಲ ಸ್ವಲ್ಪ.” ಹೆಚ್ಚಾಗಿ ತಪ್ಪುತ್ತಿರಲಿಲ್ಲ. ಪಲ್ಟಣದಲ್ಲಿ ಅಕ್ಷರ ಕಲಿಸುವ ತರಗತಿ ನಡೆಯುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ನನಗೆ ಹೊಟ್ಟೆನೋವು ಬರುತ್ತಿತ್ತು.

ನಮ್ಮ ಪಲ್ಟಣದಲ್ಲಿ ನಮ್ಮ ಕಡೆಯವನು ಇನ್ನೊಬ್ಬನೇ ಇದ್ದ, ಆಳಂದದ ನಬಿ. ಸಾಮಾನು ಹೊರುವ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸ ಅವನದು. ನಾಲ್ಕನೆಯ ತರಗತಿ ಮುಗಿಸಿದ್ದ. ಬಾಯಿ ಬಹಳ. ಹೇಸರಗತ್ತೆಗೂ ಬೈಯುವ ಮುಂಚೆ “ಜನಾಬ್” ಎನ್ನುತ್ತಿದ್ದ. ಬೆಳಿಗ್ಗೆ ಎದುರು ಬಂದನೆಂದರೆ, “ಕ್ಯಾ ಗೌಂಡಿ, ಎಂಟು ಹೊಡದ್ವಲ್ಲೋ! ನಿನ್ನ ಘಡಿಯೊಳಗೂ ಎಂಟೇ ಏನು?” ಎಂದು ನಾಲ್ಕು ಜನಕ್ಕೆ ಕೇಳುವಂತೆ ಕೂಗುತ್ತಿದ್ದ. ನಾನು ಮುಂಗೈ ನೋಡಿ “ಹ್ಞೂಂ, ಎಂಟೇ” ಎನ್ನುತ್ತಿದ್ದೆ. ಏನು ವಾಚಾಳಿಯಪ್ಪಾ ಎಂದುಕೊಳ್ಳುತ್ತಿದ್ದೆ.

ಆ ಹೊಳೆಯ ದಂಡೆಗೆ ನಾವು ಬಂದದ್ದು ಚಳಿ ಕಳೆಯುವ ಕಾಲದಲ್ಲಿ. ಅಲ್ಲೊಂದು ಸೇತುವೆಯ ಅವಶೇಷ ಇತ್ತು. ಈ ದಂಡೆಯಲ್ಲಿ ಒಂದು ಕಮಾನು, ಆ ದಂಡೆಯಲ್ಲಿ ಅರ್ಧ ಕಮಾನು, ನಟ್ಟನಡುವೆ ನೀರಿನಲ್ಲಿ ದೋಣಿಯ ಮೂತಿಯಂತೆ ಚೂಪಾಗಿ ಕಟ್ಟಿದ, ಸೇತುವೆ ಹೊರುವ ಒಂದು ಕಲ್ಲಿನ ಕಾಲು. ಆ ಕಾಲಿನ ತಲೆಯ ಮೇಲಿನ ಕೊನೆಯ ವರಸೆಯ ಕಲ್ಲುಗಳನ್ನು ತೋಪಿನ ಗುಂಡು ಕೆಡವಿ ನೀರಿಗೆ ಹಾಕಿತ್ತು. “ರೋಮಿನ ದೊರೆಗಳು ಕಟ್ಟಿಸಿದ್ದಂತ. ಎರಡು ಸಾವಿರ ವರ್ಷ ಆಗ್ಯಾವಂತ” ಎಂದು ನಬಿ ಸುದ್ದಿ ತಂದ. ನಾನು ನಂಬಲಿಲ್ಲ. ಹೊಳೆ ದಾಟಲು ಹರಿಗೋಲು ಬಿಟ್ಟು ಬೇರೆ ಕಾಣದೆ ಬೆಳೆದವನು ನಾನು. ನೀರಿಗಿಳಿದು ಆ ಕಾಲಿಗೆ ಕೈ ಹಚ್ಚಿದೆ. ಸುಣ್ಣವಿಲ್ಲ, ಗಚ್ಚಿಲ್ಲ. ಕಲ್ಲು ಕಲ್ಲಿಗೆ ಕೂತಿದೆ, ನಡುವೆ ಉಗುರು ಹೋಗದು. ಆಗ ನಂಬಿದೆ. ಯಾರಿಗೂ ಕಾಣದ ಹಾಗೆ ತಲೆಗೆ ಸುತ್ತಿದ್ದ ಬಟ್ಟೆ ತೆಗೆದು ಒಂದು ಕ್ಷಣ ನಿಂತೆ. ಆ ಗೌಂಡಿಯ ಹೆಸರು ಯಾರಿಗೂ ಗೊತ್ತಿಲ್ಲ. ನನ್ನ ಹೆಸರೂ ಗೊತ್ತಿರುವುದಿಲ್ಲ ಬಿಡಿ, ಆದರೆ ನನ್ನ ಬಾವಿ ಎರಡು ಸಾವಿರ ವರ್ಷ ನಿಲ್ಲುವುದೂ ಇಲ್ಲ.

ನಮ್ಮ ಸಾಹೇಬರ ವಿಚಾರ ಬೇರೆ ಇತ್ತು. ಆ ಕಾಲಿನ ತಲೆ ಸಮವಾಗಿದ್ದರೆ ಅದರ ಮೇಲೆ ಕಬ್ಬಿಣದ ತೊಲೆ ಹಾಯಿಸಿ ಹೇಸರಗತ್ತೆಗಳನ್ನು ದಾಟಿಸಬಹುದು. ಇಲ್ಲವಾದರೆ ಮದ್ದಿಟ್ಟು ಕಾಲು, ಕಮಾನು ಎಲ್ಲ ಉರುಳಿಸಿ, ಆ ಕಲ್ಲನ್ನೇ ಹೊಳೆಗೆ ತುಂಬಿ ದಾರಿ ಮಾಡುವುದು. ಮದ್ದಿನ ಪೆಟ್ಟಿಗೆಗಳು ಬಂದೇ ಬಿಟ್ಟಿದ್ದವು. ಸುಬೇದಾರರ ಮುಂದೆ ಹೋಗಿ ನಿಂತು, “ಎರಡು ದಿನ ಕೊಡ್ರಿ ಹುಜೂರ್. ಬಿದ್ದ ಕಲ್ಲು ಎತ್ತಿ ಹೆಂಗಿತ್ತೋ ಹಂಗ ಕೂಡಿಸ್ತೇನಿ. ಆಗಲಿಲ್ಲಂದ್ರ ಮದ್ದಿಗೆ ನಾನೇ ಬೆಂಕಿ ಹಚ್ತೇನಿ” ಎಂದೆ. ಅವರು ಹೋಗಿ ತಿಳಿಸಿದಾಗ ಸಾಹೇಬರು ನಕ್ಕು ಎರಡು ದಿನ ಕೊಟ್ಟರು.

ಹಗ್ಗ, ಮರ, ಹತ್ತು ಜನರನ್ನು ಹಚ್ಚಿ ಕಲ್ಲುಗಳನ್ನು ಮೇಲೆತ್ತಿದೆವು. ಹದಿನಾಲ್ಕು ಇದ್ದವು. ನೋಡಲು ಎಲ್ಲ ಅಣ್ಣತಮ್ಮಂದಿರಂತೆ, ಕೂಡಿಸಿದರೆ ಎಲ್ಲ ದಾಯಾದಿಗಳು. ಮೂತಿ ಚೂಪಾದ ಕಾಲು, ಹಾಗಾಗಿ ಒಂದೊಂದು ಕಲ್ಲಿನ ಅಂಚೂ ಒಂದೊಂದು ಕೋನ. ಒಂದನ್ನು ಇಟ್ಟರೆ ಪಕ್ಕದ್ದು ಅಲುಗುತ್ತಿತ್ತು, ಅದನ್ನು ಬದಲಿಸಿದರೆ ಆಚೆಯದು ಮೇಲೇಳುತ್ತಿತ್ತು. ಮೊದಲ ದಿನ ಹೋಯಿತು. ಎರಡನೆಯ ದಿನ ಮಧ್ಯಾಹ್ನವೂ ಆಯಿತು. ಜೊತೆಯವರು ಹಗ್ಗ ಬಿಟ್ಟು ಕೂತರು. ಅಡಿಗೆಯವನೊಬ್ಬ, “ಗೌಂಡಿ, ಕಡ್ಡಿಪೆಟ್ಟಿಗಿ ಬೇಕೇನೋ?” ಎಂದು ದಂಡೆಯಿಂದ ಕೂಗಿದ.

ನಬಿ ಹೇಸರಗತ್ತೆಗಳಿಗೆ ನೀರು ಕುಡಿಸಲು ಬಂದವನು ಕಾಲಿನ ಮೇಲೆ ಹತ್ತಿದ. ಒಂದು ಕಲ್ಲಿನ ಅಂಚಿಗೆ ಕಟ್ಟಿದ್ದ ಪಾಚಿಯನ್ನು ಹೆಬ್ಬೆರಳಿನಿಂದ ಉಜ್ಜಿದ.

“ಗೌಂಡಿ, ಇಲ್ಲಿ ಏನೋ ಬರದದಲ್ಲೋ.”

“ಉಳಿ ಹೊಡದ ಗೀರು ಅದಾವ. ನಿಂಗ ಗೊತ್ತಾಗಂಗಿಲ್ಲ, ಕೆಳಗಿಳಿ.”

“ಉಳಿ ಇಷ್ಟು ಅಳತಿ ಮಾಡಿ ಹೊಡೀತದೇನು? ಇದು ನಾಕು ಗಂಟಿ. ಇದು ನೋಡು, ಒಂಬತ್ತು.”

ಕಲ್ಲಿಗೂ ಗಂಟೆಗೂ ಏನು ಸಂಬಂಧವೋ ತಿಳಿಯಲಿಲ್ಲ. ಅವನು ನನ್ನ ಕೈ ಹಿಡಿದು ಗಡಿಯಾರದ ಮುಖವನ್ನು ಆ ಕಲ್ಲಿನ ಪಕ್ಕಕ್ಕೆ ಹಿಡಿದ. ಅದೇ ಗೀರು, ಅದೇ ಕತ್ತರಿ ಆಕಾರ; ನನ್ನ ಗಡಿಯಾರದ ಮೇಲಿದ್ದವೂ ರೋಮಿನವರ ಅಂಕಿಗಳೇ. “ಈಗ ಹೇಳು, ಎಷ್ಟು ಅದ?” ಎಂದ.

ಅಭ್ಯಾಸಬಲದಿಂದ ನಾನು ಆಕಾಶ ನೋಡಿದೆ. ಮೋಡ ಕವಿದಿತ್ತು.

“ನಬೀ,” ಎಂದೆ. ಸುತ್ತ ಯಾರಿದ್ದಾರೆ ನೋಡಿಕೊಂಡು ದನಿ ತಗ್ಗಿಸಿದೆ. “ನಂಗ ಘಡಿ ಓದಾಕ ಬರಂಗಿಲ್ಲ.”

“ಗೊತ್ತದ.”

“ಯಾವಾಗಿಂದ?”

“ಹಡಗಿನ್ಯಾಗಿಂದ. ಮೋಡ ಇದ್ದ ದಿನ ನಿನ್ನ ಘಡಿ ಬಂದ್ ಬೀಳ್ತದ, ಬಿಸಿಲು ಬಿತ್ತಂದ್ರ ತಾನೇ ಚಾಲೂ ಆಗ್ತದ. ಅಂಥಾ ಘಡಿ ಮುಂಬೈಯೊಳಗ ಮಾರಂಗಿಲ್ಲೋ ಭಾಯಿ.”

ಆಗ ನನಗೆ ಹೊಳೆಯಿತು. ಅವನು ಬೆಳಿಗ್ಗೆ ಎಂಟು ಹೊಡೆಯಿತೆಂದು ಕೂಗುತ್ತಿದ್ದದ್ದೆಲ್ಲ ಮೋಡದ ದಿನಗಳಲ್ಲೇ. ನಾನು ನಾಲ್ಕು ಜನರ ಮುಂದೆ ತಪ್ಪು ಹೇಳಿ ನಗೆಗೀಡಾಗಬಾರದೆಂದು ಅವನೇ ಮೊದಲು ಹೇಳಿಬಿಡುತ್ತಿದ್ದ. ಎರಡು ವರ್ಷ, ಒಂದು ಸಲವೂ ಕಣ್ಣು ಮಿಟುಕಿಸದೆ. ನಾನು ತಲೆ ತಗ್ಗಿಸಿ ಗಡಿಯಾರವನ್ನು ಅಂಗಿಗೆ ಉಜ್ಜತೊಡಗಿದೆ. “ಅಳಬ್ಯಾಡ, ಹೊತ್ತು ಇಲ್ಲ. ಒಂದನೇ ಕಲ್ಲು ಯಾವ ಕಡಿಗೆ ಇಡಬೇಕು, ಅದನ್ನ ಹೇಳು. ಅದು ನಂಗ ಗೊತ್ತಿಲ್ಲ” ಎಂದ.

ಆ ಹಳೆಯ ಗೌಂಡಿ ಕೂಡಿಸುವ ಕ್ರಮಕ್ಕೇ ಅಂಕಿ ಹೊಡೆದಿದ್ದ; ಒಂದನೆಯದರ ಜಾಗ ನನಗೆ ಗೊತ್ತಿತ್ತು. ನೀರು ಎಲ್ಲಿ ಬಂದು ಬಡಿಯುತ್ತದೆಯೋ ಅಲ್ಲಿಂದ ಗೌಂಡಿ ಕೆಲಸ ಹಿಡಿಯುತ್ತಾನೆ, ಯಾವ ದೇಶದವನಾದರೂ. ಚೂಪು ಮೂತಿಗೆ ಒಂದನೆಯದನ್ನು ಇಟ್ಟೆ. ನಬಿ ಪಾಚಿ ಉಜ್ಜಿ ಓದುತ್ತಿದ್ದ, ನಾನು ಗಡಿಯಾರಕ್ಕೆ ಹಿಡಿದು ನೋಡಿ ಇಡಿಸುತ್ತಿದ್ದೆ. ಎರಡು, ಮೂರು, ನಾಲ್ಕು. ಕಲ್ಲು ಕೂರುವಾಗ ಒಂದು ಸಣ್ಣ ಸದ್ದು ಬರುತ್ತಿತ್ತು, ಪೆಟ್ಟಿಗೆಯ ಮುಚ್ಚಳ ಕೂತ ಹಾಗೆ. ಹನ್ನೆರಡು ಮುಗಿಯಿತು. ಎರಡು ಕಲ್ಲು ಉಳಿದವು.

“ಯಾ ಅಲ್ಲಾ,” ಎಂದು ನಬಿ ತಲೆ ಕೆರೆದುಕೊಂಡ. “ಹದಿಮೂರು ಗಂಟಿ ಎಲ್ಲಿಂದ ತರಲಿ? ಈ ರೋಮಿನವರ ದಿನ ನಮ್ಮ ದಿನಕ್ಕಿಂತ ದೊಡ್ಡದಿತ್ತೇನೋ.”

ಇಬ್ಬರೂ ಆ ಕಾಲಿನ ತಲೆಯ ಮೇಲೆ ಕೂತು ಬಿದ್ದು ಬಿದ್ದು ನಕ್ಕೆವು. ಕತ್ತರಿಯ ಪಕ್ಕ ಮೂರು ಗೀರು ಇದ್ದದ್ದನ್ನು ನಾನೇ ಎಣಿಸಿ, “ಇದು ಹದಿಮೂರು, ಇಡ್ರಿ” ಎಂದೆ. ನನ್ನ ಜೀವನದಲ್ಲಿ ನಾನಾಗಿಯೇ ಓದಿದ ಮೊದಲ ಅಂಕಿ ಅದು. ಸಂಜೆಯೊಳಗೆ ತೊಲೆ ಸಮ ಕೂತಿತು. ಮದ್ದಿನ ಪೆಟ್ಟಿಗೆಗಳನ್ನು ಹೊತ್ತ ಹೇಸರಗತ್ತೆಗಳೇ ಮೊದಲು ಅದರ ಮೇಲೆ ದಾಟಿದವು.

ಊರಿಗೆ ಬಂದ ಮೇಲೆ ಕನ್ನಡ ಅಕ್ಷರವನ್ನೂ ಕಲಿತೆ, ಹಾಗಾಗಿ ಇದನ್ನು ಬರೆಯುತ್ತಿರುವ ಕೈ ನನ್ನದೇ. ಆದರೆ ಒಂದು ಮಾತು ಬಾಕಿ ಇದೆ. ಈ ಕತೆಯನ್ನು ನಾನು ಇಷ್ಟು ವರ್ಷ ಹೀಗೆ ಹೇಳಿಲ್ಲ. ಕಟ್ಟೆಯ ಮೇಲೆ, ಕೆಲಸದ ಜಾಗದಲ್ಲಿ, ಬೀಗರ ಮನೆಯಲ್ಲಿ, ಎಲ್ಲ ಕಡೆ ಕಲ್ಲಿನ ಅಂಕಿ ಓದಿದವನು ನಾನೇ. ಒಮ್ಮೆ ಭೂಸನೂರಿನ ಮದುವೆಯೊಂದರಲ್ಲಿ ಹಾಗೆ ಹೇಳಿ ತಿರುಗಿದರೆ ಹಿಂದೆ ನಬಿ ನಿಂತಿದ್ದ. ನನ್ನ ಮುಖ ಬೆಳ್ಳಗಾಯಿತು. ಅವನು ಮಾತ್ರ, “ಹೌದ್ರಿ, ಇವನೇ ಓದಿದ. ನಾ ಹೇಸರಗತ್ತಿ ಹಿಡಕೊಂಡು ನಿಂತಿದ್ದೆ” ಎಂದು ಊಟದ ಪಂಕ್ತಿಗೆ ನಡೆದ. ಮರುದಿನವೇ ಸರಿಪಡಿಸಬಹುದಿತ್ತು. ನಾನು ಸರಿಪಡಿಸಲಿಲ್ಲ.

ಬಚ್ಚಲ ಮುಂದಿನಿಂದ ಎದ್ದು, ಕೈ ತೊಳೆದುಕೊಂಡು, ಆಳಂದದ ಬಸ್ಸು ಹಿಡಿದೆ. “ಪಾಚಿ ಅರ್ಧಾ ಬಿಟ್ಟು ಎಲ್ಲಿಗ್ರಿ?” ಎಂದು ಹೆಂಡತಿ ಬೈಯುತ್ತಲೇ ಇದ್ದಳು.

ನಬಿ ಬಾಗಿಲಲ್ಲೇ ಮಂಚ ಹಾಕಿಕೊಂಡು ಕೂತಿದ್ದ. ಹಲ್ಲು ಹೋಗಿವೆ, ಬಾಯಿ ಹೋಗಿಲ್ಲ. ಸೊಸೆ ಚಹಾ ತಂದಳು. ಕಪ್ಪು ನನ್ನ ಕೈಗೆ ಕೊಡುತ್ತ, “ಕಾಕಾ, ಆ ಹೊಳಿ ಪೂಲಿನ ಕಲ್ಲಿನ ಮ್ಯಾಲಿನ ಅಂಕಿ ಓದಿದವ್ರು ನೀವೇ ಅಲ್ರಿ? ನಮ್ಮ ಹುಡುಗೂರಿಗೆ ಮಾಮಾ ದಿನಾ ಹೇಳ್ತಾರ, ‘ಓದೂದು ಕಲೀರಿ, ಆ ಜೇವರ್ಗಿ ಗೌಂಡಿ ಓದಿದ್ದಕ್ಕ ಪೂಲ ಉಳೀತು’ ಅಂತ” ಎಂದಳು.

ನಬಿ ಜನರ ಮುಂದೆ ನನ್ನ ಮಾನ ಕಾಯ್ದದ್ದು ಸರಿ. ತನ್ನ ಮನೆಯೊಳಗೆ, ತನ್ನ ಮೊಮ್ಮಕ್ಕಳ ಮುಂದೆ, ನಾನು ಇಲ್ಲದ ಕಡೆಯಲ್ಲೂ ಕಾಯ್ದಿದ್ದ. ನಾನು ಕಪ್ಪು ಕೆಳಗಿಟ್ಟೆ.

“ಇಲ್ಲವ್ವಾ. ಓದಿದಾಂವ ನಿಮ್ಮ ಮಾಮಾ.”

“ಏ, ಸುಮ್ಮ ಕುಂದ್ರಲೇ,” ಎಂದು ನಬಿ ಗುಡುಗಿದ. “ವಯಸ್ಸಾತು, ಇವಗ ನೆನಪು ಕೆಟ್ಟದ. ಚಾ ಆರತದ, ಕುಡಿ.”

“ಖರೇ ಏನ್ರಿ ಮಾಮಾ?” ಎಂದು ಆಕೆ ಕೇಳಿದಳು. ನಬಿ ಗೋಡೆಯ ಕಡೆ ಮುಖ ಮಾಡಿದ. ಆಕೆ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಅಂಗಳದ ಕಡೆ ತಿರುಗಿ ಮಕ್ಕಳನ್ನು ಕೂಗಿದಳು. ನಾಲ್ಕು ಜನ ಓಡಿಬಂದು ಮಂಚದ ಸುತ್ತ ಕೂತರು.

“ಮೊದಲಿಂದ ಹೇಳ್ರಿ, ಕಾಕಾ.”

ನಾನು ಗಂಟಲು ಸರಿಮಾಡಿಕೊಂಡೆ. “ನಂಗ ಘಡಿ ಓದಾಕ ಬರ್ತಿರಲಿಲ್ಲ” ಎಂದು ಸುರುಮಾಡಿದೆ.