ಬಿಟ್ಟುಹೋದ ಮೈನಸ್

ಅಪಘಾತವಾದ ಜಾಗಕ್ಕೆ ಟೇಪು ಹಿಡಿದು ಮೊದಲು ಓಡುವವನಾದ್ದರಿಂದ ಕಚೇರಿಯಲ್ಲಿ ಅವನಿಗೆ ಟೇಪಣ್ಣ ಎಂದೇ ಹೆಸರು. ರಸ್ತೆಯ ಮೇಲಿನ ಟೈರಿನ ಗುರುತು ಅಳೆದು, ಯಾವ ಗಾಡಿ ಎಷ್ಟು ವೇಗದಲ್ಲಿತ್ತೆಂದು ವರದಿ ಬರೆಯುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಅವನ ಲೆಕ್ಕವನ್ನು ಯಾರೂ ಎರಡನೇ ಸಲ ನೋಡಿದ್ದಿಲ್ಲ.

ಒಂದು ಸಂಜೆ ಮಗಳು ಭೌತಶಾಸ್ತ್ರದ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತಳು.

“ಅಪ್ಪಾ, ಎರಡು ಗಾಡಿ ಎದುರುಬದುರು ಬರ್ತಿವೆ. ಯಾವ ಕಡೆ ಪ್ಲಸ್ಸು?”

“ನಿನಗಿಷ್ಟ ಬಂದ ಕಡೆ. ಆದ್ರೆ ಒಂದ್ಸಲ ಇಟ್ಕೊಂಡ್ಮೇಲೆ ಬದಲಾಯಿಸಬಾರ್ದು. ಆ ಕಡೆ ಹೋಗೋದೆಲ್ಲ ಪ್ಲಸ್ಸು, ಅದಕ್ಕೆ ಎದುರು ಬರೋದೆಲ್ಲ ಮೈನಸ್ಸು.”

“ಡಿಕ್ಕಿ ಆದ್ಮೇಲೆ ಎರಡೂ ಕಚ್ಕೊಂಡು ಹಿಂದಕ್ಕೆ ಜಾರಿದ್ರೆ?”

ಟೇಪಣ್ಣ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ. ಹೋದ ವರ್ಷದ ಲಾಂಡ್ರಿ ವ್ಯಾನು ನೆನಪಾಗಿತ್ತು. ಅದು ಹಾಲಿನ ವ್ಯಾನಿಗೆ ಮುಖಾಮುಖಿ ಗುದ್ದಿತ್ತು. ಎರಡೂ ಒಂದೇ ತೂಕ. ಹಾಲಿನ ವ್ಯಾನು ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿತ್ತೆಂದು ಅದರೊಳಗಿನ ಯಂತ್ರವೇ ದಾಖಲಿಸಿತ್ತು. ಗುದ್ದಿದ ಮೇಲೆ ಎರಡೂ ಕಚ್ಚಿಕೊಂಡು ಹತ್ತರ ವೇಗದಲ್ಲಿ ಜಾರಿದ್ದವು. ಯಾವ ಕಡೆಗೆ?

ಊಟ ಅರ್ಧಕ್ಕೇ ಬಿಟ್ಟು ಎದ್ದ. ಕೋಣೆಯಿಂದ ಕೋಣೆಗೆ ಸುತ್ತಿದ.

“ಏನ್ರೀ, ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ?” ಎಂದಳು ಹೆಂಡತಿ.

ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಕಚೇರಿಯ ಬಾಗಿಲಲ್ಲಿದ್ದ. ಕಡತ ಹುಡುಕಿ ಬಿಚ್ಚಿದ. ಲಾಂಡ್ರಿ ವ್ಯಾನು ಹೋಗುತ್ತಿದ್ದ ದಿಕ್ಕನ್ನೇ ಪ್ಲಸ್ ಎಂದು ಇಟ್ಟುಕೊಂಡಿದ್ದ. ಆದರೆ ಗಾಡಿಗಳು ಜಾರಿದ್ದು ಅದಕ್ಕೆ ವಿರುದ್ಧವಾಗಿ. ಹತ್ತರ ಹಿಂದೆ ಮೈನಸ್ ಇರಲಿಲ್ಲ. ಎರಡು ಗಾಡಿಗೆ ಹತ್ತರಂತೆ ಇಪ್ಪತ್ತು. ಅದನ್ನು ಐವತ್ತಕ್ಕೆ ಕೂಡಿಸಿ, ಲಾಂಡ್ರಿ ವ್ಯಾನಿನ ವೇಗ ಎಪ್ಪತ್ತು ಎಂದು ಬರೆದಿದ್ದ. ಕಳೆಯಬೇಕಿತ್ತು. ಬರೀ ಮೂವತ್ತು.

ಆ ಎಪ್ಪತ್ತನ್ನು ನಂಬಿ ಲಾಂಡ್ರಿ ವ್ಯಾನಿನ ಚಾಲಕಿಯ ಲೈಸೆನ್ಸ್ ಕಿತ್ತುಕೊಂಡಿದ್ದರು.

“ಮುಗಿದ ಕೇಸು ಕಣಯ್ಯ,” ಎಂದರು ಮೇಲಧಿಕಾರಿ. “ಮಲಗಿರೋ ಹಾವನ್ನ ಯಾಕೆ ಕೆಣಕ್ತೀಯ? ನಿನ್ನ ಕುರ್ಚಿಗೇ ಸಂಚಕಾರ.”

“ತಪ್ಪು ಬರೆದದ್ದು ನನ್ನ ಕೈ ಸಾರ್. ತಿದ್ದೋದೂ ಅದೇ ಆಗ್ಲಿ.”

ತಿದ್ದಿದ ವರದಿಗೆ ಸಹಿ ಹಾಕಿಕೊಟ್ಟು, ಮಧ್ಯಾಹ್ನವೇ ಲಾಂಡ್ರಿಗೆ ಹೋದ. ಚಾಲಕಿ ಈಗ ಹಬೆಯ ನಡುವೆ ನಿಂತು ಬೆಡ್‌ಶೀಟು ಮಡಚುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದ. ಆಕೆ ಮಡಚುವುದನ್ನು ನಿಲ್ಲಿಸಲಿಲ್ಲ.

“ಮೂವತ್ತರಲ್ಲಿದ್ದೆ ಅಂತ ಅವತ್ತೇ ಬಡ್ಕೊಂಡೆ. ಲೆಕ್ಕ ಸುಳ್ಳು ಹೇಳಲ್ಲ ಅಂದ್ರಿ ನೀವು. ಆಮೇಲಾಮೇಲೆ ನನಗೇ ಅನುಮಾನ ಬಂತು, ಕಾಲು ನನಗೆ ಗೊತ್ತಿಲ್ಲದೇನೇ ಆಕ್ಸಿಲರೇಟರ್ ಒತ್ತಿಬಿಡ್ತೇನೋ ಅಂತ.”

ಕ್ಷಮೆ ಕೇಳಲು ಬಂದವನು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದುಕೊಂಡ.

ಎರಡು ತಿಂಗಳಲ್ಲಿ ಆಕೆಯ ಲೈಸೆನ್ಸ್ ಮರಳಿತು. ಟೇಪಣ್ಣನನ್ನು ದಾಖಲೆ ಕೋಣೆಗೆ ಎತ್ತಿಹಾಕಿದರು. ಯಾರೂ ಹೇಳದಿದ್ದರೂ ಅವನು ಅಲ್ಲಿ ತನ್ನ ಹಳೆಯ ವರದಿಗಳನ್ನು ಒಂದೊಂದಾಗಿ ತೆಗೆದು ಮತ್ತೆ ಲೆಕ್ಕ ಹಾಕತೊಡಗಿದ. ಇದುವರೆಗೆ ಇನ್ನೂರು ಸರಿಬಂದಿವೆ. ಬಾಕಿ ಉಳಿದ ಕಪಾಟಿನ ಕಡೆ ಕಣ್ಣು ಹೋದರೆ ಸಾಕು, ಅವನಿಗೆ ಕೂತಲ್ಲಿ ಕೂರಲಾಗುವುದಿಲ್ಲ.