ಖಾನಾವಳಿಗೆ ಅಂಟಿಸಿದ ಹದಿನಾಲ್ಕು ಖಾನೆಗಳು

ಬಿಟಿಎಂ ಲೇಔಟಿನಲ್ಲಿ ಉತ್ತರ ಕರ್ನಾಟಕದವರೊಬ್ಬರ ರೊಟ್ಟಿ ಖಾನಾವಳಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ದಿನದ ಊಟದ ಪಟ್ಟಿಯನ್ನು ಮಾಲೀಕರೇ ಬದಲಿಸಿಕೊಳ್ಳಬೇಕಿತ್ತು. ಆದರೆ ನಾನು ಆರಿಸಿದ ಸಾಫ್ಟ್‌ವೇರಿನಲ್ಲಿ ಒಂದು ಪಲ್ಯದ ಹೆಸರು ಬದಲಿಸಲು ಹದಿನಾಲ್ಕು ಖಾನೆ ತುಂಬಬೇಕು. ಹೀಗಾಗಿ ಹಬ್ಬದ ಹೋಳಿಗೆ ತಿಂಗಳುಗಟ್ಟಲೆ ಪಟ್ಟಿಯಲ್ಲೇ ಉಳಿಯಿತು. ಅದನ್ನು ನೋಡಿ ಬಂದ ಗಿರಾಕಿಯೊಬ್ಬ, ಹೋಳಿಗೆ ಇಲ್ಲವೆಂದಾಗ, ಸ್ಟೀಲ್ ತಟ್ಟೆಯನ್ನು ಮಾಲೀಕರ ಮುಖಕ್ಕೇ ಬೀಸಿದ. ಹುಬ್ಬು ಸೀಳಿ ರಕ್ತ ಸುರಿಯಿತು.

ಸುದ್ದಿ ಕೇಳಿ ನಾನು ಹೋದೆ. ಮಾಲೀಕರು ಗಲ್ಲಾದ ಮೇಲಿದ್ದ ಕಂಪ್ಯೂಟರಿನ ಕೀಬೋರ್ಡ್ ಕಿತ್ತು ನನ್ನ ತಲೆಗೆ ಬಾರಿಸಿದರು. ಕೀಲಿಗಳು ರೊಟ್ಟಿ ಬುಟ್ಟಿಗೆ ಸಿಡಿದವು.

"ಕರಿಹಲಗಿ ಮ್ಯಾಲ ನಾ ದಿನಾ ಬರೀತೇನಿ. ಇದರಾಗ ಯಾಕ ಆಗವಲ್ದು? ಇದಕ್ಕಿಂತ ಸರಳ ಇದ್ದದ್ದು ಸಿಗಲಿಲ್ಲೇನು ನಿನಗ?"

"ಇಲ್ಲ ಸಾರ್" ಎಂದೆ.

ಸಿಕ್ಕಿತ್ತು. ಅದನ್ನು ಕೊಟ್ಟರೆ ಮತ್ತೆ ದುಡ್ಡು ಕೊಟ್ಟು ನನ್ನನ್ನು ಕರೆಯುವುದಿಲ್ಲವೆಂದೇ ಈ ಹಾಳಾದ್ದನ್ನು ಅಂಟಿಸಿದ್ದೆ. ಅವರು ಇನ್ನೆರಡು ಬಿಗಿಯಬೇಕಿತ್ತು.