ಹುಣ್ಣಿಮೆಯಕ್ಕನ ಮುನ್ನೂರ ಹನ್ನೆರಡು ಪೈಪು

ಬಣ್ಣದ ಪತ್ರಿಕೆಗಳನ್ನು ಅಚ್ಚು ಹಾಕುವ ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವಳು ಹುಣ್ಣಿಮೆಯಕ್ಕ. ಆ ಹೆಸರು ಯಾಕೆ ಬಂತು ಅಂತ ಹೇಳಬೇಕಾದರೆ ಮೊದಲು ಬಿಸಿಪೆಟ್ಟಿಗೆಯ ಕಥೆ ಹೇಳಬೇಕು.

ಅಚ್ಚಾದ ಕಾಗದ ಒಂದು ಉದ್ದನೆಯ ಒಲೆಯೊಳಗೆ ಓಡುತ್ತಾ ಒಣಗುತ್ತದೆ. ಆಗ ಶಾಯಿಯೊಳಗಿನ ಎಣ್ಣೆ ಹೊಗೆಯಾಗಿ ಏಳುತ್ತದೆ. ಆ ಬಿಸಿ ಹೊಗೆಯನ್ನು ಸುಮ್ಮನೆ ಆಕಾಶಕ್ಕೆ ಬಿಟ್ಟರೆ ಉರಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದಕ್ಕೇ ಚಾವಣಿಯ ಹತ್ತಿರ ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದರು. ಅದರೊಳಗೆ ಮುನ್ನೂರ ಹನ್ನೆರಡು ಪೈಪು. ಒಂದೊಂದೂ ಎರಡಾಳುದ್ದ, ಬಾಯಿ ಬಳೆಯಷ್ಟಗಲ. ಪೈಪಿನೊಳಗೆ ಹೊಗೆ, ಹೊರಗೆ ತಣ್ಣನೆ ಗಾಳಿ. ಒಂದನ್ನೊಂದು ಸೋಕುವುದಿಲ್ಲ, ಆದರೂ ಹೊಗೆಯ ಬಿಸಿ ಗಾಳಿಗೆ ದಾಟುತ್ತದೆ, ಆ ಗಾಳಿ ತಿರುಗಿ ಒಲೆಗೆ ಹೋಗುತ್ತದೆ. ಕೆಲಸಕ್ಕೆ ಸೇರಿದ ದಿನ ಇದನ್ನು ಕೇಳಿ ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದಳು. "ಮುಟ್ಟದೇನೇ ಕೊಡೋದಾ? ನಮ್ಮತ್ತೆ ಮುಟ್ಟಿದ್ರೂ ಕೊಡ್ತಿರಲಿಲ್ಲ!"

ಆದರೆ ಬಿಸಿ ಕಳೆದುಕೊಂಡ ಹೊಗೆ ತನ್ನ ಎಣ್ಣೆಯನ್ನು ಪೈಪಿನ ಗೋಡೆಗೆ ಮೆತ್ತಿ ಹೋಗುತ್ತದೆ. ಪಾಕದಂಥ ಅಂಟು. ಕೂತಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ಬೆಂಕಿಗೆ ಪ್ರೀತಿ. ಅವಳು ಬರುವ ಮೊದಲು ಒಮ್ಮೆ ಹೊತ್ತಿಕೊಂಡಿತ್ತು. ಚಾವಣಿಯ ತಗಡುಗಳು ಇವತ್ತಿಗೂ ಕಪ್ಪು. ಅಂದಿನಿಂದ ಒಂದು ನಿಯಮ. ತಿಂಗಳಿಗೊಮ್ಮೆ ಯಂತ್ರ ನಿಲ್ಲಿಸಿ, ಬಿಸಿ ಸೋಪಿನ ನೀರು ಹೊಯ್ದು, ಉದ್ದ ಸರಳಿನ ಬ್ರಷ್ಷಿನಿಂದ ಒಂದೊಂದು ಪೈಪನ್ನೂ ಉಜ್ಜಬೇಕು. ಆಮೇಲೆ ಒಬ್ಬರು ಒಂದು ತುದಿಯಿಂದ ಟಾರ್ಚು ಹಿಡಿಯಬೇಕು, ಇನ್ನೊಬ್ಬರು ಇನ್ನೊಂದು ತುದಿಯಿಂದ ನೋಡಬೇಕು. ಬೆಳಕು ತುಂಬು ದುಂಡಗೆ ಕಂಡರೆ ಇವಳು "ಹುಣ್ಣಿಮೆ!" ಎಂದು ಕೂಗುತ್ತಿದ್ದಳು. ಅಂಚು ಮಾಸಿದ್ದರೆ "ಗ್ರಹಣ!" ಮತ್ತೆ ಉಜ್ಜು.

ಟಾರ್ಚು ಹಿಡಿಯುತ್ತಿದ್ದವಳು ಅವಳ ನಾದಿನಿ. ಒಂದೇ ಮನೆ, ಒಂದೇ ಅಡಿಗೆ, ಒಂದೇ ಪೆಟ್ಟಿಗೆಯ ಎರಡು ತುದಿ.

ಹದಿನಾರು ವರ್ಷ ಹೀಗೆ ನಡೆಯಿತು. ಆಮೇಲೆ ಹುಣ್ಣಿಮೆಯಕ್ಕನ ಕಣ್ಣು ಮಂಜಾಗತೊಡಗಿತು. "ನರ ಒಣಗ್ತಾ ಇದೆಯಮ್ಮ, ಹೋಗಿದ್ದು ವಾಪಸ್ ಬರಲ್ಲ" ಎಂದರು ಕಣ್ಣಿನ ಡಾಕ್ಟರು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತಿತ್ತು. ಹೇಳದೆ ಒಂದು ಪೈಪು ತಪ್ಪಿದರೆ, ಕೆಳಗೆ ದುಡಿಯುವ ನಲವತ್ತು ಜನರ ತಲೆಯ ಮೇಲೆ ಬೆಂಕಿ. ಈ ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಅವಳು ಎರಡು ವರ್ಷ ಏಣಿ ಹತ್ತಿದಳು.

ಆ ಎರಡು ವರ್ಷದಲ್ಲಿ ನಾದಿನಿಗೆ ಅರ್ಥವಾಗದ ಸಂಗತಿ ಒಂದಿತ್ತು. ಮನೆಯಲ್ಲಿ ತಣ್ಣಗಿರುತ್ತಿದ್ದ ಅತ್ತಿಗೆ ಪೆಟ್ಟಿಗೆಯ ಹತ್ತಿರ ಬಂದರೆ ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದಳು.

"ಉಪ್ಪು ಹಾಕೋದನ್ನೂ ನಿಮ್ಮಮ್ಮ ಕಲಿಸಲಿಲ್ವೇನೇ?"

"ಕಲಿಸಿದ್ರು ಅತ್ತಿಗೆ! ನೀವು ಬಂದ ಮೇಲೆ ಮರೆತೆ!"

"ಹುಣ್ಣಿಮೆ! ಮುಂದಿನ ಪೈಪು. ಏನೋ ಗೊಣಗಿದ್ಯಲ್ಲ, ಬಾಯಿ ಬಿಟ್ಟು ಹೇಳು."

"ಸೊಟ್ಟ ಸೌಟಿಗೆ ಸೊಕ್ಕು ಜಾಸ್ತಿ ಅಂದೆ!"

ಪೈಪಿಗೊಂದು ಬೈಗುಳ. ಕೆಳಗಿನವರು "ಎರಡು ಜಡೆ ಒಂದು ಕಡೆ ಸೇರಲ್ಲ" ಎಂದು ನಗುತ್ತಿದ್ದರು.

ಹೀಗಿರುವಾಗ ಕಾರ್ಖಾನೆಗೆ ಹೊಸ ಎಂಜಿನಿಯರಮ್ಮ ಬಂದರು. ತೊಳೆಯುವ ದಿನ ಏಣಿಯ ಮೇಲಿನ ಅಟ್ಟಣಿಗೆಗೆ ಹತ್ತಿ, ಉದ್ದ ವೈರಿನ ತುದಿಯಲ್ಲಿ ಗುಂಡುಸೂಜಿಯ ತಲೆಯಂಥ ಕ್ಯಾಮೆರಾ ತಂದು, ಪುಟ್ಟ ಪರದೆಯನ್ನು ಹುಣ್ಣಿಮೆಯಕ್ಕನ ಕೈಗೆ ಕೊಟ್ಟು, "ನೋಡಿ ಹೇಳಿ, ಹೇಗಿದೆ?" ಎಂದರು.

"ಚೆನ್ನಾಗಿ ಕಾಣ್ತದೆ ಮೇಡಂ. ಫಳಫಳ ಅಂತಿದೆ."

ಎಂಜಿನಿಯರಮ್ಮ ಪರದೆಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ನಾನಿನ್ನೂ ಆನ್ ಮಾಡಿಲ್ಲ," ಎಂದರು.

ಪಕ್ಕದಲ್ಲಿದ್ದ ಮೇಸ್ತ್ರಿ ತಲೆಯ ಮೇಲೆ ಕೈಹೊತ್ತು ಕೂತ.

"ಎಷ್ಟು ದಿನದಿಂದ?" ಎಂದರು ಎಂಜಿನಿಯರಮ್ಮ.

"ಎರಡು ವರ್ಷ."

"ತಪ್ಪಲ್ವಾ ಇದು?"

"ತಪ್ಪೇ ಮೇಡಂ. ಹೇಳಬೇಕಿತ್ತು. ಆದ್ರೆ ಪೈಪು ಒಂದೂ ತಪ್ಪಿಲ್ಲ. ಟಾರ್ಚು ಆರಿಸಿ, ನಿಮ್ಮ ಕ್ಯಾಮೆರಾ ಒಳಗೆ ಬಿಟ್ಟು ನೋಡಿ." ಆಮೇಲೆ ಪೈಪಿಗೆ ಬಾಯಿಟ್ಟು ಕೂಗಿದಳು: "ಏ, ಬೈಯೇ!"

ಆಚೆ ತುದಿಯಿಂದ ನಾದಿನಿಯ ದನಿ ಬಂತು: "ಈಗ ಏನಂತ ಬೈಯ್ಲಿ ಅತ್ತಿಗೆ?"

"ಇಷ್ಟು ದಿನ ಬೈದವಳಿಗೆ ಇವತ್ತು ಬರಗಾಲವಾ? ಬೈಯಿ!"

"ಸಂಕಟ ನುಂಗ್ಕೊಂಡು ಸುಳ್ಳು ಹೇಳೋ ಸಾಹಸಿ!"

ಹುಣ್ಣಿಮೆಯಕ್ಕ ಪೈಪಿಗಿಟ್ಟಿದ್ದ ಕಿವಿ ತೆಗೆದು, "ಹುಣ್ಣಿಮೆ," ಎಂದಳು. ಕ್ಯಾಮೆರಾ ಒಳಗೆ ಹೋಯಿತು. ಕಬ್ಬಿಣ ಬೆಳ್ಳಿಯ ಹಾಗಿತ್ತು. ಮುಂದಿನದು, ಅದರ ಮುಂದಿನದು. ನಲವತ್ತೊಂದನೆಯದಕ್ಕೆ ಅವಳು "ಗ್ರಹಣ" ಎಂದಳು. ಎಂಜಿನಿಯರಮ್ಮ ತಾವೇ ಟಾರ್ಚು ಹಿಡಿಸಿ ನೋಡಿದರು: ಬೆಳಕು ತುಂಬು ದುಂಡಗೆ, ಎಳ್ಳಷ್ಟೂ ಕುಂದಿಲ್ಲ. "ಇದು ತಪ್ಪಾಯ್ತಲ್ಲಮ್ಮ" ಎನ್ನುತ್ತಲೇ ಕ್ಯಾಮೆರಾ ಬಿಟ್ಟರು. ಒಂದು ಮೊಳ, ಎರಡು ಮೊಳ. ಮೂರನೆಯ ಮೊಳದಲ್ಲಿ ಪೈಪಿನ ಗೋಡೆಗೆ ಹಾಲಿನ ಕೆನೆಯಷ್ಟೇ ತೆಳುವಾದ ಕಂದು ಪದರ ಅಂಟಿತ್ತು. ಟಾರ್ಚಿನ ಬೆಳಕಿನಲ್ಲಿ ಕಣ್ಣಿದ್ದವರಿಗೂ ಕಾಣುವಂಥದ್ದಲ್ಲ.

ಎಂಜಿನಿಯರಮ್ಮ ಕೈಚೀಲ ಪಕ್ಕಕ್ಕಿಟ್ಟು ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಕೇಳಿದರು: "ಹೇಗೆ?"

"ಅಂಟಿದ್ರೆ ಮಾತಿನ ಮೊನೆ ಸಾಯುತ್ತೆ ಮೇಡಂ. ಸ, ಚ ಇಂಥವು ಮೊದಲು ಹೋಗ್ತವೆ. ಗುಂಡನೆ ಅಕ್ಷರ ಆಮೇಲೆ. ಟಾರ್ಚಿನ ಬೆಳಕು ಮಧ್ಯದಲ್ಲಿ ತೂರಿ ಬಂದುಬಿಡುತ್ತೆ. ಮಾತು ಗೋಡೆಗೆಲ್ಲ ಮೈ ಉಜ್ಜಿಕೊಂಡು ಬರಬೇಕು. ಸುಮ್ಮನೆ ಮಾತಾಡು ಅಂದ್ರೆ ಇವಳು ಪಿಸಿಪಿಸಿ ಅಂತಿದ್ಲು. ಸಿಟ್ಟು ಬಂದ್ರೆ ಮಾತ್ರ ಗಂಟಲು ತೆರೀತಿದ್ಲು."

ಅಷ್ಟರಲ್ಲಿ ಆಚೆ ತುದಿಯಿಂದ ಓಡಿ ಬಂದಿದ್ದ ನಾದಿನಿ ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಆ ಹೊತ್ತು ಮುನ್ನೂರ ಹನ್ನೆರಡನ್ನೂ ನೋಡಿದರು. ಅವಳು ಗ್ರಹಣ ಎಂದದ್ದು ಏಳು. ಆರರಲ್ಲಿ ಅಂಟು, ಒಂದರಲ್ಲಿ ಬ್ರಷ್ಷಿನಿಂದ ಕಿತ್ತು ಉಳಿದ ಎಳೆ. ಮಿಕ್ಕವೆಲ್ಲ ಚೊಕ್ಕ.

ಆದರೂ ಎಂಜಿನಿಯರಮ್ಮ ಒಂದು ಮಾತಿನಲ್ಲಿ ಜಗ್ಗಲಿಲ್ಲ. "ಇನ್ಮೇಲೆ ನೀವು ಏಣಿ ಹತ್ತೋ ಹಾಗಿಲ್ಲ. ಬಿದ್ರೆ ಯಾರು ಜವಾಬ್ದಾರಿ?" ಪೆಟ್ಟಿಗೆಯ ಒಂದು ತುದಿಗೆ ಮಾತ್ರ ಏಣಿ, ಇನ್ನೊಂದು, ನಾದಿನಿಯ ತುದಿ, ಮಹಡಿಯ ಕೋಣೆಯೊಳಗೇ ತೆರೆದುಕೊಳ್ಳುತ್ತಿತ್ತು. ಗೋಡೆ ಹಿಡಿದು ಮೆಟ್ಟಿಲು ಹತ್ತಿದರೆ ಸಾಕು. ಹಾಗಾಗಿ ತುದಿಗಳು ಅದಲುಬದಲಾದವು. ಅತ್ತಿಗೆ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಮಾತಾಡುವುದು, ನಾದಿನಿ ಏಣಿಯ ಮೇಲೆ ಕಿವಿಯಿಟ್ಟು ಕಲಿಯುವುದು. ಕಲಿಯುವ ತನಕ ಪ್ರತಿ ಪೈಪಿಗೂ ಕ್ಯಾಮೆರಾ.

ಮುಂದಿನ ತಿಂಗಳು ನಾದಿನಿ ಹದಿನೆಂಟು ಪೈಪಿಗೆ ಕಿವಿಯಿಟ್ಟಳು. ಎಲ್ಲ ಒಂದೇ ತರಹ ಕೇಳಿಸಿತು. ಹತ್ತೊಂಬತ್ತನೆಯದಕ್ಕೆ ಕಿವಿ ಪಳಗಿತು. ಅತ್ತಿಗೆಯ ಮಾತು ಕಿವಿಯ ಪಕ್ಕದಲ್ಲೇ ನಿಂತು ಆಡಿದಂತೆ, ಎರಡು ಮಾತಿನ ನಡುವೆ ಎಳೆದುಕೊಂಡ ಉಸಿರು ಕೂಡ ಹರಿದು ಬಂತು.

"ಅತ್ತಿಗೆ," ಎಂದಳು ಪೈಪಿನೊಳಗೆ ಮೆಲ್ಲಗೆ, "ಎರಡು ವರ್ಷ ಅಷ್ಟೊಂದು ಬೈದೆನಲ್ಲ, ನೋವಾಗಲಿಲ್ವಾ?"

"ಬೈದಿದ್ದು ಯಾರಿಗೆ ಕೇಳಿಸ್ತು? ನಾನು ಪೈಪು ಕೇಳ್ತಿದ್ದೆ," ಎಂದಿತು ಪೈಪು. ಸ್ವಲ್ಪ ತಡೆದು, "ನನ್ನ ತವರುಮನೆಗೆ ಅಂದಿದ್ದು ಒಂದು ಕೇಳಿಸ್ತು. ಅದನ್ನ ಮನೆಗೆ ಹೋಗಿ ಮಾತಾಡೋಣ. ಈಗ ಮುಂದಿನದಕ್ಕೆ ಕಿವಿ ಇಡು."